ಪಕ್ಕದ ವಿವಿ ಜತೆ ಪೈಪೋಟಿ, ಸಂಶೋಧನೆಗೆ ಬರಿಗೈ

2025ರ ಫೆಬ್ರುವರಿಯಲ್ಲಿ ಎರಡು ವರದಿಗಳು ಹೆಚ್ಚುಕಡಿಮೆ ಒಟ್ಟಿಗೇ ಸುದ್ದಿಯಾದವು. ಮೊದಲನೆಯದು ನಮ್ಮ ರಾಜ್ಯದ್ದು. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವಂತೆ ಶಿಫಾರಸು ಮಾಡಿತು. ಮಂಡ್ಯ, ಹಾಸನ, ಚಾಮರಾಜನಗರ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ, ಜತೆಗೆ ಬೆಂಗಳೂರಿನ ಎರಡು. ಎರಡನೆಯದು ನೀತಿ ಆಯೋಗದ್ದು. ದೇಶದ ಉನ್ನತ ಶಿಕ್ಷಣದ ವಿದ್ಯಾರ್ಥಿಗಳಲ್ಲಿ ಶೇ 80ಕ್ಕಿಂತ ಜಾಸ್ತಿ ಮಂದಿ ಓದುವುದು ರಾಜ್ಯಗಳ ಸಾರ್ವಜನಿಕ ವಿವಿಗಳಲ್ಲಿ, ಆದರೆ ಅಲ್ಲಿನ ಬೋಧಕ ಹುದ್ದೆಗಳಲ್ಲಿ ಶೇ 40ಕ್ಕೂ ಹೆಚ್ಚು ಖಾಲಿ ಬಿದ್ದಿವೆ ಎಂದು ಅದು ಹೇಳಿತು.

ಮೊದಲ ವರದಿಗೆ ಪ್ರತಿಭಟನೆ, ಟಿವಿ ಚರ್ಚೆ, ವಿಧಾನಸಭೆಯಲ್ಲಿ ಗದ್ದಲ ಎಲ್ಲ ಆಯಿತು. ಎರಡನೆಯದನ್ನು ಕೇಳಿದವರು ಕಡಿಮೆ. ಮುಚ್ಚಬೇಕಾ ಬೇಡವಾ ಎಂಬ ಜಗಳದಲ್ಲಿ ಜಿಲ್ಲೆಯ ಮರ್ಯಾದೆಯ ಮಾತು ಬಂತು, ಹಳ್ಳಿ ಹೆಣ್ಣುಮಕ್ಕಳ ಬಸ್ ಪ್ರಯಾಣದ ಮಾತು ಬಂತು, ಯಾವ ಪಕ್ಷ ತಂದದ್ದು ಎಂಬ ಮಾತಂತೂ ಬಂದೇ ಬಂತು. ಬಸ್ ಪ್ರಯಾಣ ಸಣ್ಣ ವಿಷಯ ಅಲ್ಲವೇ ಅಲ್ಲ, ಅದರ ಬಗ್ಗೆ ಮುಂದೆ ಹೇಳುತ್ತೇನೆ. ಆದರೆ ವಿಶ್ವವಿದ್ಯಾಲಯ ಅಂದಮೇಲೆ ಅಲ್ಲಿ ಸಂಶೋಧನೆ ನಡೆಯಬೇಕು, ಅದಕ್ಕೆ ದುಡ್ಡು ಬೇಕು ಅಲ್ವಾ? ಆ ದುಡ್ಡು ಎಲ್ಲಿಂದ ಬರುತ್ತದೆ, ಯಾರಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ.

ನನಗೆ ಕಾಣುವುದು ಇಷ್ಟು. ನಮ್ಮ ಅಕ್ಕಪಕ್ಕದ ವಿವಿಗಳು ಪೈಪೋಟಿ ನಡೆಸುತ್ತಿರುವುದು ಕಾಲೇಜುಗಳಿಗಾಗಿ, ಶುಲ್ಕಕ್ಕಾಗಿ. ಸಂಶೋಧನೆಯ ದೊಡ್ಡ ಹಣ ಇರುವ ಕಡೆ ಇವುಗಳಲ್ಲಿ ಹೆಚ್ಚಿನವಕ್ಕೆ ಅರ್ಜಿ ಹಾಕುವ ಅರ್ಹತೆಯೇ ಇಲ್ಲ. ಒಂದೊಂದು ಸಲ ಒಡೆದಾಗಲೂ ಆ ಅರ್ಹತೆ ಇನ್ನಷ್ಟು ದೂರ ಹೋಗುತ್ತಿದೆ.

ಒಡೆದದ್ದು ಹೇಗೆ

ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1949ರದ್ದು. ರಾಜ್ಯದ ಹೆಚ್ಚಿನ ಸಾಮಾನ್ಯ ವಿವಿಗಳ ಬೇರು ಹುಡುಕಿದರೆ ಈ ಎರಡರಲ್ಲಿ ಒಂದಕ್ಕೆ ಬಂದು ಸೇರುತ್ತೇವೆ. ಮೈಸೂರಿನಿಂದ 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿವಿ ಹೊರಬಂದವು. ಧಾರವಾಡದಿಂದ 1980ರಲ್ಲಿ ಗುಲ್ಬರ್ಗ, 2010ರಲ್ಲಿ ಬೆಳಗಾವಿಯ ರಾಣಿ ಚೆನ್ನಮ್ಮ. ಬೆಂಗಳೂರು ವಿವಿಯಿಂದ 2004ರಲ್ಲಿ ತುಮಕೂರು ಬೇರೆಯಾಯಿತು, 2017ರಲ್ಲಿ ಉಳಿದದ್ದೇ ಮೂರು ಹೋಳಾಯಿತು.

ಹಿಂದಿನ ಒಡೆಯುವಿಕೆಗೆ ಒಂದು ಕ್ರಮ ಇತ್ತು. ಮೊದಲು ಸ್ನಾತಕೋತ್ತರ ಕೇಂದ್ರ ಬರುತ್ತಿತ್ತು. ಹತ್ತಾರು ವರ್ಷ ಅಲ್ಲಿ ಪಾಠ ನಡೆದು, ಗ್ರಂಥಾಲಯ ಬೆಳೆದು, ಅಧ್ಯಾಪಕರು ನೆಲೆಯೂರಿದ ಮೇಲೆ ಅದು ವಿವಿ ಆಗುತ್ತಿತ್ತು. ಮಂಗಳೂರು ವಿವಿಯ ಆವರಣವಾದ ಕೊಣಾಜೆಯ ಮಂಗಳಗಂಗೋತ್ರಿ ಹೀಗೆ ಬೆಳೆದದ್ದು. ಜತೆಗೆ ಹೊಸ ವಿವಿ ಅಂದರೆ ಹೊಸ ಹುದ್ದೆ, ಹೊಸ ಕಟ್ಟಡ, ಹೊಸ ಅನುದಾನ ಎಂದೇ ಅರ್ಥ ಇತ್ತು.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಏಳು ವಿವಿಗಳ ಕಥೆ ಬೇರೆ. ಹೊಸ ಮಾದರಿ ಎಂಬ ಹೆಸರಲ್ಲಿ ಹೆಚ್ಚಿನ ಭೂಮಿ, ಕಟ್ಟಡ, ಹುದ್ದೆ ಏನೂ ಇಲ್ಲದೆ, ತಲಾ 2 ಕೋಟಿ ರೂಪಾಯಿಯಲ್ಲಿ ಅವು ಶುರುವಾದವು. ಹಾಸನದ ಹೇಮಗಂಗೋತ್ರಿ, ಕೊಡಗಿನ ಚಿಕ್ಕ ಅಳುವಾರದ ಜ್ಞಾನಕಾವೇರಿ, ಹಾವೇರಿಯ ಕೆರಿಮತ್ತಿಹಳ್ಳಿ ಕೇಂದ್ರ, ಇವೆಲ್ಲ ನಿನ್ನೆಯವರೆಗೆ ಸ್ನಾತಕೋತ್ತರ ಕೇಂದ್ರಗಳು. ಬೋರ್ಡ್ ಬದಲಾಯಿತು, ಕುಲಪತಿ ಬಂದರು, ಕುಲಸಚಿವರು ಬಂದರು. ಪ್ರಯೋಗಾಲಯ ಮಾತ್ರ ಇದ್ದ ಹಾಗೇ ಉಳಿಯಿತು. ಯಾವ ಊರಲ್ಲಿ ಇದ್ದರೂ ಎರಡು ಕೋಟಿಗೆ ಒಂದು ಒಳ್ಳೆಯ ವಿಜ್ಞಾನ ವಿಭಾಗವನ್ನು ಕಟ್ಟಲು ಆಗುವುದಿಲ್ಲ. ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಅಂತಾರಲ್ಲ, ಸರ್ಕಾರ ಮಾಡಿದ್ದು ಅದನ್ನೇ. ಜಿಲ್ಲೆಗೊಂದು ವಿವಿ ಕೊಟ್ಟೆವು ಅನ್ನಿಸಿಕೊಳ್ಳಬೇಕಿತ್ತು, ಖರ್ಚು ಮಾತ್ರ ಬೇಡವಾಗಿತ್ತು.

ಪೈಪೋಟಿ ಹುಟ್ಟುವ ಜಾಗ

ರಾಜ್ಯದ ವಿವಿಯೊಂದರ ದುಡಿಮೆ ಎಲ್ಲಿಂದ ಬರುತ್ತದೆ ಎಂದು ನೋಡಿದರೆ ಜಗಳದ ಮೂಲ ತಿಳಿಯುತ್ತದೆ. ಸರ್ಕಾರ ಕೊಡುವ ಹಣದ ಬಹುಪಾಲು ಕಾಯಂ ನೌಕರರ ಸಂಬಳಕ್ಕೆ ಹೋಗುತ್ತದೆ. ಅತಿಥಿ ಉಪನ್ಯಾಸಕರ ಗೌರವಧನ, ಕರೆಂಟ್ ಬಿಲ್, ಹಾಸ್ಟೆಲ್ ರಿಪೇರಿ, ಭದ್ರತಾ ಸಿಬ್ಬಂದಿ, ಇದಕ್ಕೆಲ್ಲ ವಿವಿಯೇ ದುಡ್ಡು ಹೊಂದಿಸಬೇಕು. ಅದು ಬರುವುದು ಸಂಯೋಜಿತ ಕಾಲೇಜುಗಳಿಂದ. ಪ್ರತಿವರ್ಷದ ಸಂಯೋಜನೆ ಶುಲ್ಕ, ಹೊಸ ಕೋರ್ಸಿಗೆ ಅನುಮತಿ ಶುಲ್ಕ, ಕಾಲೇಜು ನೋಡಲು ಬರುವ ಸ್ಥಳೀಯ ವಿಚಾರಣಾ ಸಮಿತಿಯ ಶುಲ್ಕ, ಪರೀಕ್ಷಾ ಶುಲ್ಕ, ಅಂಕಪಟ್ಟಿ, ಮರುಮೌಲ್ಯಮಾಪನ, ಘಟಿಕೋತ್ಸವ ಪ್ರಮಾಣಪತ್ರ. ಪದವಿ ಓದುವ ಒಬ್ಬ ಹುಡುಗ ಆರು ಸೆಮಿಸ್ಟರ್‌ಗಳಲ್ಲಿ ಕಟ್ಟುವ ಸಣ್ಣಪುಟ್ಟ ಮೊತ್ತಗಳನ್ನು ಲಕ್ಷ ವಿದ್ಯಾರ್ಥಿಗಳಿಗೆ ಗುಣಿಸಿ. ಹಳೆಯ ವಿವಿಗಳ ಖಜಾನೆ ತುಂಬುತ್ತಿದ್ದದ್ದು ಹೀಗೆ.

ಈಗ ಒಂದು ಜಿಲ್ಲೆ ಬೇರೆ ವಿವಿಯಾದರೆ ಆ ಜಿಲ್ಲೆಯ ಕಾಲೇಜುಗಳೆಲ್ಲ ಅತ್ತ ಹೋಗುತ್ತವೆ. ಆದಾಯವೂ ಹೋಗುತ್ತದೆ. ಆದರೆ ನಿವೃತ್ತರಾದ ಅಧ್ಯಾಪಕರ, ಸಿಬ್ಬಂದಿಯ ಪಿಂಚಣಿ ಮಾತೃ ವಿವಿಯ ಹೆಗಲಲ್ಲೇ ಉಳಿಯುತ್ತದೆ. ಮೈಸೂರು, ಮಂಗಳೂರು ವಿವಿಗಳು ಈಚಿನ ವರ್ಷಗಳಲ್ಲಿ ಪಿಂಚಣಿ ಕೊಡಲು ಪರದಾಡಿದ್ದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದ ಸುದ್ದಿ. ಪಿಂಚಣಿಗೆ ವಿವಿಯ ಆಂತರಿಕ ಸಂಪನ್ಮೂಲ ಬಳಸಿ ಎಂದು ಸರ್ಕಾರ ಹೇಳುತ್ತದೆ. ಆಂತರಿಕ ಸಂಪನ್ಮೂಲ ಅಂದರೆ ಇದೇ ಶುಲ್ಕದ ಹಣ. ಅದನ್ನು ಪಕ್ಕದ ಹೊಸ ವಿವಿಗೆ ಕೊಟ್ಟಾಗಿದೆ. ಹೊಸ ವಿವಿಗಾದರೂ ಅದು ಸಾಲುತ್ತದೆಯೇ ಅಂದರೆ ಅದೂ ಇಲ್ಲ. ಒಂದು ಜಿಲ್ಲೆಯ ಕಾಲೇಜುಗಳ ಶುಲ್ಕದಲ್ಲಿ ಪರೀಕ್ಷಾ ವಿಭಾಗ ನಡೆಸುವುದೇ ಕಷ್ಟ.

ಹೀಗಾಗಿ ಎರಡು ವಿವಿಗಳ ನಡುವಿನ ಪತ್ರವ್ಯವಹಾರದಲ್ಲಿ ನೀವು ಕಾಣುವುದು ಇಂಥ ವಿಷಯಗಳನ್ನೇ. ಹಳೆಯ ಬ್ಯಾಚಿನ ಪರೀಕ್ಷಾ ಶುಲ್ಕ ಯಾರಿಗೆ ಸೇರಬೇಕು? ಹಳೆ ಅಂಕಪಟ್ಟಿ ಯಾರು ಕೊಡಬೇಕು? ಕೇಂದ್ರದ ಜಮೀನು ಯಾರ ಹೆಸರಿಗೆ? ಅಲ್ಲಿರುವ ಅಧ್ಯಾಪಕ ಮೂಲ ವಿವಿಗೆ ಮರಳಬಹುದಾ? ಒಟ್ಟಿಗೆ ಒಂದು ಸಂಶೋಧನಾ ಯೋಜನೆ ಹಾಕೋಣ ಎಂಬ ಪತ್ರ ಬರುವ ವಾತಾವರಣವೇ ಅಲ್ಲಿಲ್ಲ.

ಸಂಶೋಧನೆಯ ಹಣ ಯಾರ ಕೈಯಲ್ಲಿದೆ

ಹಿಂದೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ಸಣ್ಣ ಮತ್ತು ದೊಡ್ಡ ಸಂಶೋಧನಾ ಯೋಜನೆಗಳಿಗೆ ಹಣ ಕೊಡುತ್ತಿತ್ತು. ಮೊತ್ತ ಭಾರಿ ಇರಲಿಲ್ಲ. ಆದರೆ ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನ ಉಪನ್ಯಾಸಕರೂ ಅರ್ಜಿ ಹಾಕಬಹುದಿತ್ತು. ವಿಭಾಗಗಳಿಗೆ ವಿಶೇಷ ನೆರವು ಕಾರ್ಯಕ್ರಮ, ಎಲ್ಲರ ಬಾಯಲ್ಲಿ ಎಸ್‌ಎಪಿ, ಅದೂ ಇತ್ತು. ಕಳೆದ ದಶಕದ ಕೊನೆಯ ಹೊತ್ತಿಗೆ ಇವು ನಿಂತುಹೋದವು. ರಾಜ್ಯ ವಿವಿಗಳಿಗೆ ಆದ ನಷ್ಟ ಇಲ್ಲಿ ದೊಡ್ಡದು, ಇದರ ಬಗ್ಗೆ ಮಾತು ಆದದ್ದು ಬಹಳ ಕಡಿಮೆ. ಇತಿಹಾಸ, ಸಮಾಜಶಾಸ್ತ್ರ, ಕನ್ನಡ ವಿಭಾಗಗಳಿಗಂತೂ ಅದೇ ಮುಖ್ಯ ಆಸರೆಯಾಗಿತ್ತು.

ವಿಜ್ಞಾನದ ಕಡೆಗೆ ಸಂಶೋಧನಾ ಹಣ ಹಂಚುವ ಕೇಂದ್ರದ ಮಂಡಳಿ ಎಸ್‌ಇಆರ್‌ಬಿ ಇತ್ತು. 2023ರ ಕಾಯ್ದೆಯ ಪ್ರಕಾರ ಅದರ ಜಾಗಕ್ಕೆ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂತು. ಎಲ್ಲರೂ ಎಎನ್‌ಆರ್‌ಎಫ್ ಎನ್ನುವುದು ಇದಕ್ಕೇ. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂದು ಘೋಷಣೆ. ಅದರಲ್ಲಿ 14,000 ಕೋಟಿ ಸರ್ಕಾರದ್ದು, 36,000 ಕೋಟಿ ಉದ್ಯಮ ಮತ್ತು ಇತರ ಮೂಲಗಳಿಂದ ಬರಬೇಕೆಂಬ ನಿರೀಕ್ಷೆ. ಕಾಯ್ದೆ ತರುವಾಗ ಸರ್ಕಾರವೇ ಒಂದು ಲೆಕ್ಕ ಕೊಟ್ಟಿತು. ಎಸ್‌ಇಆರ್‌ಬಿ ಹಣದಲ್ಲಿ ಸುಮಾರು ಶೇ 65 ಐಐಟಿಗಳ ಪಾಲಾಗುತ್ತಿದೆ, ರಾಜ್ಯ ವಿವಿಗಳಿಗೆ ಸಿಗುತ್ತಿರುವುದು ಶೇ 11ರಷ್ಟು ಮಾತ್ರ ಎಂದು. ದೇಶದ ಮುಕ್ಕಾಲು ಪಾಲಿಗಿಂತ ಹೆಚ್ಚು ವಿದ್ಯಾರ್ಥಿಗಳು ಇರುವ ಕಡೆಗೆ ಒಂಬತ್ತನೇ ಒಂದು ಪಾಲು ಹಣ.

ಮೈಸೂರು, ಮಂಡ್ಯಗಳ ನಡುವೆ ಪೈಪೋಟಿ ಎಂದು ನಾವು ಮಾತಾಡುತ್ತೇವೆ. ಆದರೆ ಹಣದ ವಿಷಯದಲ್ಲಿ ಎರಡರ ನಿಜವಾದ ಎದುರಾಳಿ ಒಂದೇ ಮಾದರಿಯವರು. ಪೂರ್ಣಾವಧಿ ಸಂಶೋಧನಾ ಕಚೇರಿ, ಬಿಡುವಿರುವ ಅಧ್ಯಾಪಕರು, ಕೆಲಸ ಮಾಡುವ ಯಂತ್ರಗಳು ಇರುವ ರಾಷ್ಟ್ರೀಯ ಸಂಸ್ಥೆಗಳು, ಮತ್ತು ಈಗೀಗ ದೊಡ್ಡ ಖಾಸಗಿ ವಿವಿಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಕಂಡು ಹೊಟ್ಟೆಕಿಚ್ಚು ಪಡುವ ಮಾತಲ್ಲ ಇದು. ಅದು ನಮ್ಮ ಹೆಮ್ಮೆ. ಆದರೆ ಒಂದೇ ಅರ್ಜಿ ನಮೂನೆ, ಒಂದೇ ಪರಿಶೀಲನಾ ಸಮಿತಿಯ ಮುಂದೆ, ವಾರಕ್ಕೆ ಹದಿನಾರು ಗಂಟೆ ಪಾಠ ಮಾಡಿ, ಪರೀಕ್ಷಾ ಮೌಲ್ಯಮಾಪನ ಮುಗಿಸಿ, ವಿವಿಯ ಗುಣಮಟ್ಟ ಅಳೆಯುವ ನ್ಯಾಕ್‌ನ ಕಡತ ತುಂಬಿಸಿ ರಾತ್ರಿ ಪ್ರಸ್ತಾವ ಬರೆಯುವ ಅಧ್ಯಾಪಕಿ ನಿಂತರೆ ಫಲಿತಾಂಶ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಸರ್ಕಾರಕ್ಕೆ ಇದು ಗೊತ್ತಿಲ್ಲದೆ ಇಲ್ಲ. ಎಸ್‌ಇಆರ್‌ಬಿ ಇದ್ದಾಗಲೇ ಸ್ಯೂರ್ ಎಂಬ ಯೋಜನೆ ತಂದಿತ್ತು. ರಾಜ್ಯ ಮತ್ತು ಖಾಸಗಿ ವಿವಿಗಳ ಅಧ್ಯಾಪಕರಿಗೆಂದೇ ಮೂರು ವರ್ಷಕ್ಕೆ 30 ಲಕ್ಷ ರೂಪಾಯಿವರೆಗೆ. ಎಎನ್‌ಆರ್‌ಎಫ್ ಈಗ ಪೇರ್ ಎಂಬ ಇನ್ನೊಂದನ್ನು ತಂದಿದೆ. ದೊಡ್ಡ ಸಂಸ್ಥೆಯೊಂದು ನಡುವೆ ಇದ್ದು, ಅದರ ಸುತ್ತ ಕೆಲವು ವಿವಿಗಳು ಸೇರಿ ಒಂದು ಜಾಲ. ಒಂದು ಜಾಲಕ್ಕೆ 100 ಕೋಟಿ ರೂಪಾಯಿವರೆಗೆ, ಅದರಲ್ಲಿ ಹೆಚ್ಚಿನ ಪಾಲು ಸುತ್ತಲಿನ ವಿವಿಗಳಿಗೆ. ಆಲೋಚನೆ ಒಳ್ಳೆಯದು. ಆದರೆ ಸೇರಲು ಒಂದು ಷರತ್ತು ಇದೆ. ರಾಜ್ಯ ವಿವಿಯಾದರೆ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನ ವಿವಿ ವಿಭಾಗದಲ್ಲಿ ಮೊದಲ 200ರ ಒಳಗಿರಬೇಕು.

ಇಲ್ಲಿ ಒಡೆಯುವಿಕೆಯ ಪೆಟ್ಟು ಕಾಣುತ್ತದೆ. ರ‍್ಯಾಂಕಿಂಗ್‌ನಲ್ಲಿ ಅಧ್ಯಾಪಕ-ವಿದ್ಯಾರ್ಥಿ ಅನುಪಾತ, ಪ್ರಕಟಿತ ಲೇಖನಗಳು, ಪಿಎಚ್‌ಡಿ ಪಡೆದವರ ಸಂಖ್ಯೆ, ಈಗಾಗಲೇ ತಂದ ಸಂಶೋಧನಾ ಹಣ, ಎಲ್ಲಕ್ಕೂ ಅಂಕ ಇದೆ. ಹೊಸ ವಿವಿಗೆ ಇವು ಯಾವುವೂ ಇಲ್ಲ. ಹಳೆಯದಕ್ಕೆ ಇದ್ದದ್ದೂ ಕರಗುತ್ತಿದೆ. ಅಷ್ಟೇ ಅಲ್ಲ, ಕೇಂದ್ರದ ಅನುದಾನಕ್ಕೆ ಯುಜಿಸಿ ಕಾಯ್ದೆಯ 12ಬಿ ಮಾನ್ಯತೆ ಬೇಕು. ಅದಕ್ಕೆ ಸ್ವಂತ ಕಟ್ಟಡ, ಕಾಯಂ ಅಧ್ಯಾಪಕರು, ಸೌಕರ್ಯ ಇವೆ ಎಂದು ತೋರಿಸಬೇಕು. ಕಟ್ಟಡ ಕಟ್ಟಲು ಅನುದಾನ ಬೇಕು, ಅನುದಾನಕ್ಕೆ ಕಟ್ಟಡ ಬೇಕು. ಈ ಸುಳಿಯಲ್ಲಿ ಸಿಕ್ಕಿದ ವಿವಿ ಪಕ್ಕದವರ ಜತೆ ಯಾವ ಪೈಪೋಟಿ ಮಾಡೀತು?

ಗೈಡ್ ಇಲ್ಲದ ವಿಭಾಗ

ಹುದ್ದೆ ಖಾಲಿ ಇರುವುದನ್ನು ಪಾಠದ ತೊಂದರೆ ಎಂದಷ್ಟೇ ನೋಡುತ್ತೇವೆ. ಸಂಶೋಧನೆಗೆ ಅದರಿಂದ ಆಗುವ ಪೆಟ್ಟು ಇನ್ನೂ ಜೋರು. ಯುಜಿಸಿಯ 2022ರ ಪಿಎಚ್‌ಡಿ ನಿಯಮದಂತೆ ಪ್ರಾಧ್ಯಾಪಕರು ಒಂದು ಹೊತ್ತಿಗೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಮಂದಿಗೆ ಮಾರ್ಗದರ್ಶನ ಮಾಡಬಹುದು. ಕಾಯಂ ಅಧ್ಯಾಪಕರಷ್ಟೇ ಮಾಡಬಹುದು. ಅತಿಥಿ ಉಪನ್ಯಾಸಕರಿಗೆ ಪಿಎಚ್‌ಡಿ, ನೆಟ್, ಹತ್ತು ವರ್ಷದ ಅನುಭವ ಎಲ್ಲ ಇದ್ದರೂ ಅವರು ಗೈಡ್ ಆಗುವಂತಿಲ್ಲ.

ಲೆಕ್ಕಕ್ಕಾಗಿ ಒಂದು ವಿಭಾಗ ತೆಗೆದುಕೊಳ್ಳಿ. ಮಂಜೂರಾದ ಹುದ್ದೆ ಹತ್ತು: ಇಬ್ಬರು ಪ್ರಾಧ್ಯಾಪಕರು, ಮೂವರು ಸಹ ಪ್ರಾಧ್ಯಾಪಕರು, ಐವರು ಸಹಾಯಕ ಪ್ರಾಧ್ಯಾಪಕರು. ಎಲ್ಲ ಭರ್ತಿಯಾದರೆ 54 ಸಂಶೋಧನಾ ವಿದ್ಯಾರ್ಥಿಗಳಿಗೆ ಜಾಗ. ಈಗ ಉಳಿದವರು ನಾಲ್ವರು ಅಂದುಕೊಳ್ಳಿ, ಇಬ್ಬರು ಪ್ರಾಧ್ಯಾಪಕರು, ಸಹ ಮತ್ತು ಸಹಾಯಕ ಪ್ರಾಧ್ಯಾಪಕರು ಒಬ್ಬೊಬ್ಬರು. ಜಾಗ 26ಕ್ಕೆ ಇಳಿಯಿತು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ ಎಂಬ ನಿಯಮವೂ ಇದೆ. ಪ್ರಾಧ್ಯಾಪಕರಿಬ್ಬರೂ ಆ ವಯಸ್ಸಿನವರಾದರೆ ಹೊಸಬರಿಗೆ ಉಳಿಯುವುದು ಹತ್ತು ಜಾಗ, ಅದೂ ಮೊದಲೇ ತುಂಬಿರದಿದ್ದರೆ. ನಮ್ಮ ಹಳೆಯ ವಿವಿಗಳಲ್ಲಿ ಇದು ಕಲ್ಪನೆಯ ವಿಭಾಗವೇನಲ್ಲ, ಎಷ್ಟೋ ಕಡೆ ಇದಕ್ಕಿಂತ ಕೆಟ್ಟ ಸ್ಥಿತಿ ಇದೆ.

ಸಂಶೋಧನಾ ವಿದ್ಯಾರ್ಥಿಗಳು ಕಡಿಮೆಯಾದರೆ ಪ್ರಬಂಧಗಳು ಕಡಿಮೆ. ಪ್ರಬಂಧ ಕಡಿಮೆಯಾದರೆ ರ‍್ಯಾಂಕ್ ಇಳಿಯುತ್ತದೆ. ರ‍್ಯಾಂಕ್ ಇಳಿದರೆ ಯೋಜನೆ ಸಿಗುವುದಿಲ್ಲ. ಹುದ್ದೆ ತುಂಬದ ಸರ್ಕಾರವೇ ಆಮೇಲೆ ರ‍್ಯಾಂಕ್ ಯಾಕೆ ಬಿದ್ದಿತು ಎಂದು ಕುಲಪತಿಗಳನ್ನು ಕೇಳುತ್ತದೆ.

ಒಂದು ಸಣ್ಣ ಬಾಟಲಿಯ ಪ್ರಯಾಣ

ರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳ ದಿನಚರಿಯನ್ನು ಹತ್ತಿರದಿಂದ ನೋಡಿದರೆ ಈ ಹಣದ ಮಾತು ಅರ್ಥವಾಗುತ್ತದೆ. ಅವಳು ಒಂದು ಹೊಸ ಸಂಯುಕ್ತ ತಯಾರಿಸಿದ್ದಾಳೆ. ಚಿಟಿಕೆಯಷ್ಟು ಬಿಳಿ ಪುಡಿ, ಬೆರಳುದ್ದದ ಗಾಜಿನ ಬಾಟಲಿಯಲ್ಲಿದೆ. ಅದು ತಾನು ಅಂದುಕೊಂಡದ್ದೇ ಹೌದಾ ಎಂದು ತಿಳಿಯಲು ಎನ್‌ಎಂಆರ್ ಯಂತ್ರದ ಪರೀಕ್ಷೆ ಬೇಕು, ಮಾಸ್ ಸ್ಪೆಕ್ಟ್ರಾ ಬೇಕು, ಹರಳು ಬಂದರೆ ಎಕ್ಸ್‌ರೇ ಬೇಕು. ಅವಳ ವಿವಿಯಲ್ಲಿ ಇವಿಲ್ಲ. ಬಾಟಲಿಗೆ ಕೋಡ್ ಬರೆದು, ಹತ್ತಿಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ ಕೊರಿಯರ್ ಮಾಡುತ್ತಾಳೆ. ಮೈಸೂರಿನ ವಿಜ್ಞಾನ ಭವನಕ್ಕೆ, ಧಾರವಾಡದ ಉಪಕರಣ ಕೇಂದ್ರಕ್ಕೆ, ಇಲ್ಲವೇ ಕೊಚ್ಚಿಯ ಪರೀಕ್ಷಾ ಕೇಂದ್ರಕ್ಕೆ. ಒಂದೊಂದು ಸ್ಯಾಂಪಲ್‌ಗೆ ಇಷ್ಟೆಂದು ಶುಲ್ಕ, ಮೇಲೆ ಜಿಎಸ್‌ಟಿ. ವಿಭಾಗದಲ್ಲಿ ಯೋಜನೆ ಇದ್ದರೆ ಅದು ಯೋಜನೆಯ ಖರ್ಚು. ಇಲ್ಲದಿದ್ದರೆ ಅವಳ ಫೆಲೋಶಿಪ್‌ನಿಂದ ಕೊಡಬೇಕು. ಫೆಲೋಶಿಪ್ ಬಂದಿರದಿದ್ದರೆ ಮನೆಯ ದುಡ್ಡು.

ಜೆಆರ್‌ಎಫ್ ಎಂಬ ಕೇಂದ್ರದ ಫೆಲೋಶಿಪ್ ಸಿಕ್ಕವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಸಿಗದವರಿಗೆ ರಾಜ್ಯದ ಇಲಾಖೆಗಳ, ವಿವಿಯ ಫೆಲೋಶಿಪ್. ಮೊತ್ತ ಅದರ ಹತ್ತಿರಕ್ಕೂ ಬರುವುದಿಲ್ಲ, ತಿಂಗಳಿಗೆ ಸರಿಯಾಗಿ ಕೈಸೇರುವುದೂ ಇಲ್ಲ. ಒಂದೇ ಪ್ರಯೋಗಾಲಯದ ಒಂದೇ ಮೇಜಿನಲ್ಲಿ ಇಬ್ಬರೂ ಇರುತ್ತಾರೆ. ಸ್ಯಾಂಪಲ್ ಹತ್ತು ಕಳಿಸಬೇಕಾದ ಕಡೆ ನಾಲ್ಕು ಕಳಿಸುವವರು ಯಾರು ಅಂತ ಬೇರೆ ಹೇಳಬೇಕಿಲ್ಲ.

ಮೈಸೂರಿನ ವಿಜ್ಞಾನ ಭವನ ಬಂದದ್ದು ಹೇಗೆ ಎಂಬುದನ್ನು ಇಲ್ಲಿ ನೆನೆಯಬೇಕು. ಕೇಂದ್ರ ಸರ್ಕಾರ ಮೈಸೂರು ವಿವಿಗೆ ಉತ್ಕೃಷ್ಟ ಸಂಸ್ಥೆ ಎಂಬ ಮಾನ್ಯತೆ ಕೊಟ್ಟು 100 ಕೋಟಿ ರೂಪಾಯಿ ನೀಡಿತ್ತು. ಆ ಹಣದಿಂದ ಎದ್ದು ನಿಂತ ಕಟ್ಟಡ, ಬಂದ ಯಂತ್ರಗಳು ಇಂದು ಅಕ್ಕಪಕ್ಕದ ಎಷ್ಟೋ ಜಿಲ್ಲೆಗಳ ವಿದ್ಯಾರ್ಥಿಗಳಿಗೆ ಆಧಾರ. ಒಂದು ಕಡೆ ಒಟ್ಟಾಗಿ ಸುರಿದ ಹಣ ಹಲವು ವಿವಿಗಳಿಗೆ ಉಪಯೋಗವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಕೊಣಾಜೆಯ ಮೈಕ್ರೊಟ್ರಾನ್ ಕೇಂದ್ರವೂ ಹಾಗೇ. ಎಲೆಕ್ಟ್ರಾನ್‌ಗಳಿಗೆ ವೇಗ ಕೊಡುವ ಆ ಯಂತ್ರ ಮಂಗಳೂರು ವಿವಿಯಲ್ಲಿದ್ದರೂ ಬೇರೆ ವಿವಿಗಳ ಭೌತಶಾಸ್ತ್ರದವರು ಅಲ್ಲಿಗೆ ಹೋಗಿ ಕೆಲಸ ಮಾಡಿದ್ದಾರೆ.

ಆದರೆ ಯಂತ್ರ ಕೊಳ್ಳಲು ಸಿಗುವ ಹಣ ಅದನ್ನು ನಡೆಸಲು ಸಿಗುವುದಿಲ್ಲ. ಎನ್‌ಎಂಆರ್ ಯಂತ್ರದ ಅಯಸ್ಕಾಂತ ಸದಾ ತಣ್ಣಗಿರಬೇಕು. ದ್ರವ ಸಾರಜನಕವನ್ನು ವಾರವಾರಕ್ಕೆ, ದ್ರವ ಹೀಲಿಯಂ ಅನ್ನು ಕೆಲವು ತಿಂಗಳಿಗೊಮ್ಮೆ ತುಂಬಬೇಕು. ಹೀಲಿಯಂ ದುಬಾರಿ, ಅದೂ ಹೊರದೇಶದಿಂದ ಬರಬೇಕು. ವಾರ್ಷಿಕ ನಿರ್ವಹಣಾ ಗುತ್ತಿಗೆಗೆ ಲಕ್ಷಗಟ್ಟಲೆ. ನಡೆಸುವ ತಾಂತ್ರಿಕ ಸಿಬ್ಬಂದಿಗೆ ಸಂಬಳ. ಯೋಜನೆಯ ಮೂರು ವರ್ಷ ಮುಗಿದ ಮೇಲೆ ಇದನ್ನೆಲ್ಲ ಯಾರು ಕೊಡಬೇಕು? ಪಿಂಚಣಿಗೇ ಒದ್ದಾಡುವ ವಿವಿ ಕೊಡಲಾರದು. ರಾಜ್ಯದಲ್ಲಿ ಎಷ್ಟೋ ಒಳ್ಳೆಯ ಉಪಕರಣಗಳು ಪ್ಲಾಸ್ಟಿಕ್ ಹೊದಿಕೆ ಹೊದ್ದು ಕೂತಿರುವುದು ಈ ಒಂದೇ ಕಾರಣಕ್ಕೆ.

ನಿಯಮಗಳೂ ಕಾಟ ಕೊಡುತ್ತವೆ. ಸಂಶೋಧನಾ ಸಂಸ್ಥೆಗಳು ಕೊಳ್ಳುವ ಉಪಕರಣಗಳಿಗೆ ಶೇ 5ರಷ್ಟೇ ಜಿಎಸ್‌ಟಿ ಇತ್ತು. 2022ರ ಜುಲೈನಲ್ಲಿ ಆ ರಿಯಾಯಿತಿ ಹೋಯಿತು. ಶೇ 18 ತೆರಿಗೆ ಬೀಳುವ 20 ಲಕ್ಷದ ಉಪಕರಣಕ್ಕೆ 1 ಲಕ್ಷ ಇದ್ದ ತೆರಿಗೆ 3.6 ಲಕ್ಷವಾಯಿತು. ಆ ವ್ಯತ್ಯಾಸದಲ್ಲಿ ಎಷ್ಟು ಸ್ಯಾಂಪಲ್ ಕಳಿಸಬಹುದಿತ್ತು! ಸಂಶೋಧನಾ ಅನುದಾನಕ್ಕೇ ತೆರಿಗೆ ಕಟ್ಟಿ ಎಂದು ಸಂಸ್ಥೆಗಳಿಗೆ ನೋಟಿಸ್ ಹೋಗಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಅದಕ್ಕೆ ವಿನಾಯಿತಿ ಕೊಟ್ಟಿತು, ಅದೊಂದು ಸಮಾಧಾನ. ಇನ್ನು ವರ್ಷದ ಕೊನೆಯಲ್ಲಿ ಬರುವ ಕಂತು. ಟೆಂಡರ್ ಕರೆದು, ಖರೀದಿ ಸಮಿತಿ ಸೇರಿಸಿ, ಹಣಕಾಸು ಅಧಿಕಾರಿಯ ಸಹಿ ತಗೊಂಡು ಮಾರ್ಚ್ 31ರ ಒಳಗೆ ಖರ್ಚು ತೋರಿಸಬೇಕು. ಇಲ್ಲದಿದ್ದರೆ ಹಣ ವಾಪಸ್. ಯುಸಿ, ಅಂದರೆ ಬಳಕೆ ಪ್ರಮಾಣಪತ್ರ, ತಡವಾದರೆ ಮುಂದಿನ ಕಂತು ಇಲ್ಲ. ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೆಂದೇ ಕಚೇರಿ ಇದೆ. ರಾಜ್ಯ ವಿವಿಯಲ್ಲಿ ಕಡತ ಹಿಡಿದು ಮಹಡಿ ಹತ್ತಿ ಇಳಿಯುವವರು ಅಧ್ಯಾಪಕರೇ.

ಹಳೆಯ ಪೈಪೋಟಿ

ಪೈಪೋಟಿಯೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಮೈಸೂರು, ಧಾರವಾಡಗಳ ನಡುವೆ ಒಂದು ಕಾಲಕ್ಕೆ ಇದ್ದ ಪೈಪೋಟಿ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಮೈಸೂರಿನಲ್ಲಿ 1891ರಷ್ಟು ಹಿಂದೆಯೇ ಶುರುವಾದ ಪ್ರಾಚ್ಯ ವಿದ್ಯೆಗಳ ಸಂಗ್ರಹಾಲಯ ಆಮೇಲೆ ವಿವಿಗೆ ಸೇರಿತು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದ್ದು ಅಲ್ಲೇ. 1909ರಲ್ಲಿ ಅದು ಅಚ್ಚಾಯಿತು. ಧಾರವಾಡದಲ್ಲಿ 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ ಬಂತು. ಶಾಸನ, ಹಸ್ತಪ್ರತಿ, ನಾಣ್ಯ ಎಲ್ಲ ಅಲ್ಲಿ ಸೇರಿದವು. ಮುಂದೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, ಬೆಂಗಳೂರು ವಿವಿಯಲ್ಲಿ ಎಂ. ಚಿದಾನಂದಮೂರ್ತಿ ಶಾಸನಗಳ ಮೇಲೆ, ವಚನಗಳ ಮೇಲೆ ಬರೆದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ, ಒಪ್ಪಿ, ಒಪ್ಪದೆ ಮತ್ತೆ ಬರೆಯುತ್ತಿದ್ದರು. ಅಲ್ಲಿ ಸ್ಪರ್ಧೆ ಇದ್ದದ್ದು ಯಾರು ಹೊಸ ಶಾಸನ ಓದಿದರು, ಯಾರ ಓದು ಸರಿ ಎಂಬುದರಲ್ಲಿ.

ಅದಕ್ಕೆ ಸಾಧ್ಯವಾದದ್ದು ಏನು? ಇಬ್ಬರ ಕೆಳಗೂ ಗಟ್ಟಿ ನೆಲ ಇತ್ತು. ಕಾಯಂ ಕೆಲಸ, ಗ್ರಂಥಾಲಯ, ಕ್ಷೇತ್ರಕಾರ್ಯಕ್ಕೆ ಒಂದಷ್ಟು ದುಡ್ಡು, ಬರೆದದ್ದನ್ನು ಅಚ್ಚು ಹಾಕುವ ಪ್ರಸಾರಾಂಗ. ಇವತ್ತು ಹಂಪಿಯ ಕನ್ನಡ ವಿಶ್ವವಿದ್ಯಾಲಯವನ್ನೇ ನೋಡಿ. 1991ರಲ್ಲಿ ಸಂಶೋಧನೆಗೆಂದೇ ಹುಟ್ಟಿದ್ದು ಅದು. ಸಂಯೋಜಿತ ಕಾಲೇಜು ಇಲ್ಲ, ಆದ್ದರಿಂದ ಶುಲ್ಕದ ಆದಾಯವೂ ಇಲ್ಲ. ಸರ್ಕಾರ ಅನುದಾನ ಕಡಿಮೆ ಮಾಡಿದ ಕೂಡಲೇ ಫೆಲೋಶಿಪ್ ನಿಂತಿತು, ಕರೆಂಟ್ ಬಿಲ್ ಬಾಕಿ ಬಿತ್ತು, ಸಂಶೋಧನಾ ವಿದ್ಯಾರ್ಥಿಗಳು ಧರಣಿ ಕೂತರು. ಬರೀ ಸಂಶೋಧನೆ ಮಾಡುವ ವಿವಿಗೆ ನಮ್ಮ ಹಣಕಾಸು ಪದ್ಧತಿಯಲ್ಲಿ ಜಾಗವೇ ಇಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಕರ್ನಾಟಕದ ಉನ್ನತ ಶಿಕ್ಷಣದಲ್ಲಿ ಇದಕ್ಕಿಂತ ನೋವಿನ ಸಂಗತಿ ಇಲ್ಲ.

ಮುಚ್ಚುವುದು, ಉಳಿಸುವುದು, ಮತ್ತು ಅದರಾಚೆ

ಈಗ ಬಸ್ಸಿನ ವಿಷಯ. ಚಾಮರಾಜನಗರದ ಕಾಡಂಚಿನ ಹುಡುಗಿಗೆ ಮೈಸೂರಿಗಿಂತ ಚಾಮರಾಜನಗರ ಹತ್ತಿರ. ಅಲ್ಲಿ ಎಂ.ಎ. ಇದ್ದರೆ ಓದುತ್ತಾಳೆ, ಇಲ್ಲದಿದ್ದರೆ ಮದುವೆ. ಆ ಕೇಂದ್ರ ಉಳಿಯಲೇಬೇಕು, ಅಲ್ಲಿ ಇನ್ನೂ ಕೋರ್ಸ್‌ಗಳು ಬರಬೇಕು. ಆದರೆ ಅವಳಿಗೆ ಬೇಕಿರುವುದು ಒಳ್ಳೆಯ ಅಧ್ಯಾಪಕರು ಮತ್ತು ಹಾಸ್ಟೆಲ್. ಪ್ರತ್ಯೇಕ ಕುಲಪತಿ, ಪ್ರತ್ಯೇಕ ಸಿಂಡಿಕೇಟ್ ಅಲ್ಲ. ಸ್ನಾತಕೋತ್ತರ ಕೇಂದ್ರವಾಗಿ ಮಾತೃ ವಿವಿಯ ಕೆಳಗೇ ಇದ್ದು ಚೆನ್ನಾಗಿ ಬೆಳೆಯಬಹುದು. ಹಾಗಾಗಿ ಮುಚ್ಚು ಎಂಬ ಮಾತಿಗಿಂತ ವಿಲೀನ ಎಂಬ ಮಾತು ಸರಿ. ಆದರೆ ವಿಲೀನದಿಂದ ಉಳಿಯುವ ಹಣ ಮಾತೃ ವಿವಿಯ ಹುದ್ದೆಗಳಿಗೆ ಹೋಗುತ್ತದೆ ಎಂಬ ಖಾತ್ರಿ ಇಲ್ಲದಿದ್ದರೆ ಅದು ಸುಮ್ನೆ ಬೋರ್ಡ್ ಮತ್ತೆ ಬದಲಿಸಿದ ಹಾಗೆ.

ಪಿಂಚಣಿಯನ್ನು ಸರ್ಕಾರದ ಖಜಾನೆಯೇ ಹೊರಬೇಕು. ಇದು ಸಂಶೋಧನೆಗೆ ಸಂಬಂಧವಿಲ್ಲದ ಬೇಡಿಕೆ ಅನ್ನಿಸಬಹುದು. ಆದರೆ ವಿವಿಯ ಸ್ವಂತ ಆದಾಯ ಪಿಂಚಣಿಗೆ ಹೋಗುವವರೆಗೂ ಹೀಲಿಯಂಗೆ, ಜರ್ನಲ್ ಚಂದಾಗೆ, ಸ್ಯಾಂಪಲ್ ಶುಲ್ಕಕ್ಕೆ ಒಂದು ರೂಪಾಯಿ ಉಳಿಯುವುದಿಲ್ಲ.

ಹಂಚಿಕೊಂಡು ಬಳಸುವ ಮಾದರಿ ದೇಶದಲ್ಲಿ ಹೊಸದಲ್ಲ. ಖಗೋಳ ವಿಜ್ಞಾನಕ್ಕೆ ಪುಣೆಯ ಐಯುಕಾ, ದೆಹಲಿಯ ಅಂತರ ವಿವಿ ವೇಗೋತ್ಕರ್ಷಕ ಕೇಂದ್ರ ಯುಜಿಸಿ ಹಣದಲ್ಲೇ ನಡೆಯುವುದು. ಒಂದೊಂದು ವಿವಿಯೂ ದೂರದರ್ಶಕ ಕೊಳ್ಳಲಾಗದು, ಕಣಗಳಿಗೆ ವೇಗ ಕೊಡುವ ಯಂತ್ರ ಕಟ್ಟಲಾಗದು, ಆದ್ದರಿಂದ ಎಲ್ಲರಿಗೂ ಸೇರಿ ಒಂದು ಕಡೆ ಇರಲಿ ಎಂದು ಮಾಡಿದ್ದು. ಯಾವ ಊರಿನ ಸಂಶೋಧಕರಾದರೂ ಅರ್ಜಿ ಹಾಕಿ ಹೋಗಿ ಕೆಲಸ ಮಾಡಬಹುದು. ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಕಟ್ಟಡ, ಯಂತ್ರ ಈಗಾಗಲೇ ಮೈಸೂರು, ಧಾರವಾಡ, ಕೊಣಾಜೆಗಳಲ್ಲಿ ಇವೆ. ರಾಜ್ಯ ಸರ್ಕಾರ ಅವುಗಳ ನಿರ್ವಹಣೆಯ ಖರ್ಚನ್ನು ನೇರವಾಗಿ ಹೊತ್ತು, ರಾಜ್ಯದ ಎಲ್ಲ ಸರ್ಕಾರಿ ವಿವಿಗಳ ಪಿಎಚ್‌ಡಿ ವಿದ್ಯಾರ್ಥಿಗಳ ಸ್ಯಾಂಪಲ್‌ಗಳನ್ನು ಶುಲ್ಕ ಇಲ್ಲದೆ ನೋಡಿಕೊಡಿ ಎಂದರೆ ಸಾಕು. ಹೊಸ ಸಂಸ್ಥೆ ಬೇಕಿಲ್ಲ, ಹೊಸ ಕಟ್ಟಡವೂ ಬೇಕಿಲ್ಲ.

ರಾಜ್ಯಕ್ಕೆ ತನ್ನದೇ ಆದ ವಿಜ್ಞಾನ ಮತ್ತು ತಂತ್ರಜ್ಞಾನ ದೃಷ್ಟಿ ಸಮಿತಿ, ವಿಜಿಎಸ್‌ಟಿ ಇದೆ. ಪ್ರೊ. ಸಿ.ಎನ್.ಆರ್. ರಾವ್ ಅವರ ಮುಂದಾಳತ್ವದಲ್ಲಿ ಬಂದದ್ದು. ಕಾಲೇಜುಗಳ ಪ್ರಯೋಗಾಲಯಗಳಿಗೆ, ಯುವ ಅಧ್ಯಾಪಕರಿಗೆ ಅದು ಕೊಟ್ಟ ಸಣ್ಣ ಸಣ್ಣ ಅನುದಾನಗಳಿಂದ ಎಷ್ಟೋ ವಿಭಾಗಗಳು ಉಸಿರಾಡಿವೆ. ಆ ನಿಧಿಯನ್ನು ಹಲವು ಪಟ್ಟು ಹೆಚ್ಚಿಸಬೇಕು. ಜತೆಗೆ ಒಂದು ಷರತ್ತು ಹಾಕಬಹುದು: ದೊಡ್ಡ ಅನುದಾನಕ್ಕೆ ಅಕ್ಕಪಕ್ಕದ ಎರಡು ವಿವಿಗಳು ಸೇರಿಯೇ ಅರ್ಜಿ ಹಾಕಬೇಕು. ಒಂದು ಹಳೆಯದು, ಒಂದು ಹೊಸದು. ಗೈಡ್ ಒಬ್ಬರು ಇಲ್ಲಿಂದ, ಸಹ ಗೈಡ್ ಅಲ್ಲಿಂದ. ಕಾವೇರಿ ಕಣಿವೆಯ ಮಣ್ಣಿನ ಬಗ್ಗೆ ಮೈಸೂರು ಮತ್ತು ಮಂಡ್ಯ, ಪಶ್ಚಿಮ ಘಟ್ಟದ ಸಸ್ಯಗಳ ಬಗ್ಗೆ ಮಂಗಳೂರು ಮತ್ತು ಕುವೆಂಪು, ತುಂಗಭದ್ರೆಯ ದಡದ ಶಾಸನಗಳ ಬಗ್ಗೆ ಹಂಪಿ ಮತ್ತು ಬಳ್ಳಾರಿ. ಇವು ಒಬ್ಬೊಬ್ಬರೇ ಮಾಡಿ ಮುಗಿಸುವ ಕೆಲಸಗಳೂ ಅಲ್ಲ. ನದಿಗೆ, ಕಾಡಿಗೆ ವಿವಿಯ ಗಡಿ ಗೊತ್ತಿಲ್ಲ. ಹಣ ಒಟ್ಟಿಗೆ ಕೇಳಬೇಕಾಗಿ ಬಂದರೆ ಅಧ್ಯಾಪಕರು ತಾವಾಗೇ ಹತ್ತಿರ ಬರುತ್ತಾರೆ, ಪತ್ರವ್ಯವಹಾರದ ವಿಷಯವೂ ಬದಲಾಗುತ್ತದೆ.

ಒಂದು ವಿಷಯವಂತೂ ತುರ್ತಾಗಿ ತೀರ್ಮಾನವಾಗಬೇಕು. ಶಿಫಾರಸಿನ ಪಟ್ಟಿಯಲ್ಲಿರುವ ವಿವಿಗಳಲ್ಲಿ ಪಿಎಚ್‌ಡಿಗೆ ನೋಂದಣಿಯಾದವರು ಇದ್ದರೆ ಅವರ ಪದವಿ ಯಾವ ವಿವಿಯ ಹೆಸರಲ್ಲಿ ಬರುತ್ತದೆ, ಅವರ ಗೈಡ್ ಯಾರ ನೌಕರ, ಅರ್ಧ ಮುಗಿದ ಫೆಲೋಶಿಪ್‌ನ ಉಳಿದ ಕಂತನ್ನು ಯಾವ ಹಣಕಾಸು ಅಧಿಕಾರಿ ಬಿಡುಗಡೆ ಮಾಡಬೇಕು, ಇದಕ್ಕೆ ಲಿಖಿತ ಆದೇಶ ಬೇಕು. ವಿಲೀನದ ಕಡತಕ್ಕೆ ಸಹಿ ಬೀಳುವ ಮೊದಲೇ ಬೇಕು.